ಕಾಡಿಗೆ ಬೈತಲೆ ತೆಗೆದವನು

ಆರ್ವೊ ಮಟ್ಟಿಲಾನನ್ನು ನಾನು ಮೊದಲು ನೋಡಿದ್ದು ಒಂದು ಅಕ್ಟೋಬರ್ ಮಧ್ಯಾಹ್ನ, ಸುತ್ತಮುತ್ತ ಎಲ್ಲೂ ಮನೆಯಿಲ್ಲದ ಕಾಡಿನ ನಡುವೆ. ಕಾಲೇಜು ಮುಗಿಸಿ, ಮರಗಳ ಸುತ್ತಳತೆ ತೆಗೆಯುವ ಕೆಲಸಕ್ಕೆ ಸೇರಿ, ಮಿಷಿಗನ್ನಿನ ಈ ಉತ್ತರದ ತುದಿಗೆ ನಾನು ಬಂದು ಸ್ವಲ್ಪ ದಿನವಾಗಿತ್ತಷ್ಟೆ. ಮೇಪಲ್ ಎಲೆಗಳೆಲ್ಲ ಉದುರಿ ನೆಲದ ಮೇಲೆ ಹಪ್ಪಳ ಹರವಿದ ಹಾಗಿತ್ತು. ಅಳಿಲು ಓಡಿದರೂ ಎತ್ತು ನಡೆದಷ್ಟು ಸದ್ದು. ಅಳತೆಪಟ್ಟಿಯನ್ನು ಒಂದು ಮರಕ್ಕೆ ಸುತ್ತುತ್ತಿದ್ದಾಗ ಯಾರೋ ನೆಲ ಕೆರೆಯುವ ಸದ್ದು ಕೇಳಿಸಿತು. ಕರಡಿಯಿರಬೇಕೆಂದು ಉಸಿರು ಹಿಡಿದು ನಿಂತೆ. ಸದ್ದು ನಿಲ್ಲಲಿಲ್ಲ, ಒಂದೇ ಲಯದಲ್ಲಿ ಬರುತ್ತಲೇ ಇತ್ತು. ಕರಡಿಗೆ ಅಷ್ಟು ಶಿಸ್ತು ಇರುವುದಿಲ್ಲ ಎಂದು ಧೈರ್ಯ ಮಾಡಿ ಹೋಗಿ ನೋಡಿದೆ.

ಎತ್ತರದ, ಸ್ವಲ್ಪ ಬಾಗಿದ ಮನುಷ್ಯ. ಕಿತ್ತಳೆ ಬಣ್ಣದ ಟೋಪಿ, ಹೆಗಲಪಟ್ಟಿಯ ಉಣ್ಣೆ ಪ್ಯಾಂಟು. ಬೀಸಣಿಗೆಯ ಹಾಗೆ ಹಲ್ಲು ಹರಡಿದ ಉದ್ದ ಕೋಲಿನಿಂದ ಅವನು ಕಾಡಿನ ಎಲೆ ಬಾಚುತ್ತಿದ್ದ. ಅವನ ಹಿಂದೆ ಮರಗಳ ನಡುವೆ ಒಬ್ಬರು ನಡೆಯುವಷ್ಟೇ ಅಗಲದ ಕಪ್ಪು ನೆಲ ಬಹುದೂರದವರೆಗೆ ಕಾಣುತ್ತಿತ್ತು. ಅದರ ಮೇಲೆ ಒಂದು ಎಲೆಯಿಲ್ಲ, ಒಂದು ಕಡ್ಡಿಯಿಲ್ಲ. ಎರಡೂ ಬದಿಯಲ್ಲಿ ಎಲೆ ಒಡ್ಡು ಕಟ್ಟಿದ ಹಾಗೆ ಕೂತಿತ್ತು.

ಇದು ಯಾರ ಅಂಗಳ ಎಂದು ನಾನು ತಮಾಷೆಗೆ ಕೇಳಿದೆ. ಅವನು ಬೆರಳನ್ನು ತುಟಿಗೆ ಇಟ್ಟುಕೊಂಡ.

"ಆ ಕಡೆಯಿಂದ ಬನ್ನಿ. ಬಾಚಿದ್ದರ ಮೇಲೆ ಕಾಲಿಡಬೇಡಿ," ಎಂದು ಪಿಸುಗುಟ್ಟಿದ.

ಜಿಂಕೆ ಬೇಟೆ ಶುರುವಾಗುವುದಕ್ಕೆ ಇನ್ನೂ ಒಂದು ತಿಂಗಳಿತ್ತು. ಪಿಸುಮಾತು ಯಾಕೆಂದು ಕೇಳಿದ್ದಕ್ಕೆ ಅಭ್ಯಾಸ ಆಗಿಬಿಡಲಿ ಎಂದ. ನನ್ನ ಊರು ಮನೆತನ ವಿಚಾರಿಸಿದ. ಇದೇ ರಾಜ್ಯದ ದಕ್ಷಿಣದ ಬಯಲಿನ ಕಡೆಯವರು, ಅಪ್ಪ ಅಮ್ಮ ಹಸು ಸಾಕುತ್ತಾರೆ ಎಂದೆ. ಅವನು ನನ್ನ ಬೂಟುಗಳನ್ನು ನೋಡಿದ.

"ಹಟ್ಟಿಯಲ್ಲಿ ಬೆಳೆದೋರು. ಹಾಗಾದ್ರೆ ಧಡಧಡ ಅಂತಲೇ ನಡೀತೀರಿ," ಎಂದು ಮತ್ತೆ ಬಾಚತೊಡಗಿದ.

ನಾನು ಬಾಡಿಗೆಗಿದ್ದದ್ದು ಹೆಲ್ಮಿಯ ಮನೆಯ ಮಹಡಿಯಲ್ಲಿ. ಆಕೆ ಅವನ ಅಕ್ಕ ಎನ್ನುವುದು ಅವತ್ತು ಸಂಜೆ ತಿಳಿಯಿತು. ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿಯ ಅಂಚು ಮಡಿಚುತ್ತಿದ್ದವಳಿಗೆ ಕಾಡಿನಲ್ಲಿ ಕಂಡದ್ದನ್ನು ಹೇಳಿದೆ.

"ಸಿಕ್ಕಿದ್ನಾ? ಕಾಡಿಗೆ ಬೈತಲೆ ತೆಗೀತಿದ್ನಾ?" ಎಂದಳು, ಕೈ ನಿಲ್ಲಿಸದೆ. ಊರಿನಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರಂತೆ.

ಆ ದಾರಿ ರಸ್ತೆಯಿಂದ ಹೊರಟು ಸೀಡರ್ ಮರಗಳ ಜೌಗಿನ ಅಂಚಿಗೆ ಹೋಗುತ್ತದೆ. ಅಲ್ಲಿ ನಾಲ್ಕು ಮರಗಳ ನಡುವೆ ಅವರ ಅಪ್ಪ ಕಟ್ಟಿದ ಅಟ್ಟಣೆ ಇದೆ, ಹಲಗೆಯ ಸಣ್ಣ ಪೆಟ್ಟಿಗೆಯಂಥದು. ಜಿಂಕೆಗಳು ರಾತ್ರಿಯೆಲ್ಲ ಹೊಲಗಳ ಕಡೆ ಮೇದು ಬೆಳಗಾಗುವಾಗ ಜೌಗಿಗೆ ಮರಳುತ್ತವೆ. ಅದಕ್ಕೆ ಮೊದಲೇ ಬೇಟೆಗಾರ ಸದ್ದಿಲ್ಲದೆ ಅಟ್ಟಣೆ ಹತ್ತಿ ಕೂತಿರಬೇಕು. ಸಿಕ್ಕ ಮಾಂಸ ಮನೆಮಂದಿಗೆಲ್ಲ. ಆದ್ದರಿಂದಲೇ ಅಪ್ಪ ಒಂದು ಕಟ್ಟಳೆ ಮಾಡಿದ್ದ: ಆ ಅಟ್ಟಣೆಯಿಂದ ಮೂರು ಬೇಟೆಗಾಲ ಬರಿಗೈಯಲ್ಲಿ ಇಳಿದವನು ಅದನ್ನು ಮನೆಯ ಇನ್ನೊಬ್ಬನಿಗೆ ಬಿಡಬೇಕು. ಅಪ್ಪನ ನಂತರ ಅದು ಆರ್ವೊಗೆ ಬಂದಿತ್ತು. ಕೆಲವು ವರ್ಷ ಜಿಂಕೆ ಸಿಕ್ಕಿತ್ತು. ಆಮೇಲೆ ಒಂದು ವರ್ಷ ಸಿಗಲಿಲ್ಲ. ತನ್ನ ಹೆಜ್ಜೆಯ ಸದ್ದೇ ಕಾರಣವೆಂದು ತೀರ್ಮಾನಿಸಿ ಮರುವರ್ಷ ಪೊದೆ ಕಡಿದು ದಾರಿ ಬಾಚಿದ. ಆ ವರ್ಷವೂ ಸಿಗಲಿಲ್ಲ. ಇನ್ನೂ ಚೆನ್ನಾಗಿ ಬಾಚಬೇಕೆಂದುಕೊಂಡ. ನಾನು ಅವನನ್ನು ಕಂಡದ್ದು ಆ ಮೂರನೆಯ ವರ್ಷ.

ಸದ್ದಿನ ಬಗ್ಗೆ ಅವನಿಗೆ ಈ ಪರಿ ಹಟ ಯಾಕೆಂದು ಹೆಲ್ಮಿಯೇ ಹೇಳಿದ್ದು. ಹುಡುಗನಾಗಿದ್ದಾಗ ಮೊದಲ ಸಲ ಅಪ್ಪನ ಹಿಂದೆ ಹೋಗಿ, ಅಟ್ಟಣೆಯ ಬುಡದಲ್ಲೇ ಒಣಕೊಂಬೆ ಮುರಿದನಂತೆ. ಅಪ್ಪ ಇಡೀ ದಿನ ಮಾತಾಡಲಿಲ್ಲ. ಸಂಜೆ ಬೂಟು ಬಿಚ್ಚುತ್ತ ಒಂದೇ ಮಾತು ಹೇಳಿದ: ನಿನ್ನ ಕಾಲಿಗೆ ಕಿವಿಯಿಲ್ಲ. ಆರ್ವೊ ಬೆಳೆದು ಹಿಡಿದದ್ದು ರಸ್ತೆಯ ಹಿಮ ತಳ್ಳುವ ದೊಡ್ಡ ಲಾರಿಯ ಕೆಲಸ. ಚಳಿಗಾಲವೆಲ್ಲ ಊರನ್ನೇ ಎಬ್ಬಿಸುವ ಗದ್ದಲದಲ್ಲಿ ಕೂತಿರುತ್ತಿದ್ದ. ನವೆಂಬರ್ ಬಂತೆಂದರೆ ಅದೇ ಮನುಷ್ಯ ಕೋಟಿನ ಜಿಪ್ ಕಿತ್ತು ಗುಂಡಿ ಹೊಲಿಸಿಕೊಳ್ಳುತ್ತಿದ್ದ, ಕಾಫಿಯ ಫ್ಲಾಸ್ಕಿಗೆ ಉಣ್ಣೆಯ ಕಾಲುಚೀಲ ತೊಡಿಸುತ್ತಿದ್ದ. ಒಂದು ವರ್ಷ ಗಾಡಿಯ ಬಾಗಿಲು ಮುಚ್ಚಿದರೆ ಸದ್ದಾಗುತ್ತದೆಂದು ಹಾಗೇ ತೆರೆದಿಟ್ಟು ಹೋಗಿದ್ದ. ಸಂಜೆ ಬರುವಷ್ಟರಲ್ಲಿ ಬ್ಯಾಟರಿ ಸತ್ತಿತ್ತು. ಹೆಲ್ಮಿಯ ಮಗ ಡ್ವೇನ್ ಬಂದು ತಂತಿ ಹಚ್ಚಿ ಎಬ್ಬಿಸಬೇಕಾಯಿತು.

ಈ ಡ್ವೇನ್ ಎಲ್ಲದರಲ್ಲೂ ಮಾವನಿಗೆ ವಿರುದ್ಧ. ಅವನದು ನಾಲ್ಕು ಚಕ್ರದ ಸಣ್ಣ ಬೇಟೆಗಾಡಿ, ಹೊಗೆಕೊಳವೆ ತೂತಾಗಿ ದಡದಡ ಬಡಿಯುತ್ತಿತ್ತು. ಆರ್ವೊ ತಪ್ಪಿದರೆ ಅಟ್ಟಣೆ ಹೋಗುವುದು ಅವನಿಗೇ.

ಬೇಟೆಯ ಹಿಂದಿನ ಸಂಜೆ ಮನೆಯವರೆಲ್ಲ, ಹೆಲ್ಮಿ ಕರೆದಳೆಂದು ನಾನೂ, ಕಾಡಿನ ಬೇಟೆಮನೆಯಲ್ಲಿ ಸೇರಿದೆವು. ಸೌನಾದ ಬಿಸಿ ಹಬೆಯಲ್ಲಿ ಮೈ ತೊಳೆದು ಬಂದು ಊಟಕ್ಕೆ ಕೂತಾಗ ಡ್ವೇನ್ ಶುರುಮಾಡಿದ.

"ಮಾವ, ದಾರಿ ಬಾಚಿದ್ದಾಯ್ತಲ್ಲ, ಎಣ್ಣೆ ಹಚ್ಚಿ ಜಡೆ ಹಾಕಿಲ್ವಾ?"

ಎಲ್ಲರೂ ನಕ್ಕರು. ಆರ್ವೊ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದ. ಯಾರು ಎಲ್ಲಿ ಕೂರಬೇಕೆಂದು ಹೆಲ್ಮಿ ಹೇಳಿದಳು. ದಾರಿಯ ನಡುವೆ, ದಿಬ್ಬದ ಮೇಲಿನ ಹಳೆಯ ಮರಕುರ್ಚಿ ನನ್ನ ಪಾಲಿಗೆ ಬಂತು. ಅಂದರೆ ಅಲ್ಲಿಯವರೆಗೆ ನಾನು ಆರ್ವೊನ ಹಿಂದೆ ನಡೆಯಬೇಕು. ಅವನ ಮುಖ ಸಣ್ಣಗಾಯಿತು. ಕೊನೆಗೆ ನನ್ನ ಬೂಟಿನ ಮೇಲೆ ದಪ್ಪ ಕಾಲುಚೀಲ ಹಾಕಿಕೊಳ್ಳಬೇಕೆಂಬ ಷರತ್ತಿನ ಮೇಲೆ ಒಪ್ಪಿದ.

ಬೆಳಕಿಗೆ ಇನ್ನೂ ಬಹಳ ಹೊತ್ತಿರುವಾಗ ಹೊರಟೆವು. ತೆಳುವಾಗಿ ಹಿಮ ಉದುರಿ ನಿಂತಿತ್ತು. ದೀಪ ಹಚ್ಚಬಾರದು. ಅವನ ಬೆನ್ನು ಕತ್ತಲಲ್ಲಿ ಇನ್ನೊಂದು ಕತ್ತಲಿನ ಹಾಗೆ ಮುಂದೆ ಹೋಗುತ್ತಿತ್ತು. ನಿಜ ಹೇಳಬೇಕೆಂದರೆ ಅಂಥ ನಡಿಗೆಯನ್ನು ನಾನು ಮತ್ತೆ ನಡೆದಿಲ್ಲ. ಇಬ್ಬರು ನಡೆಯುತ್ತಿದ್ದರೂ ನನ್ನ ಕಿವಿಗೆ ಬೀಳುತ್ತಿದ್ದದ್ದು ನನ್ನ ಉಸಿರು ಮಾತ್ರ. ಬಾಚಿದ ನೆಲ ಹುಲ್ಲು ಹಾಸಿದ ಹಟ್ಟಿಯ ನೆಲದ ಹಾಗೆ ಮೆತ್ತಗಿತ್ತು. ಅವನು ಪಟ್ಟ ಶ್ರಮ ಸಾರ್ಥಕವಾಯಿತೆಂದು ನಾನು ಅಂದುಕೊಳ್ಳುತ್ತಿದ್ದಾಗ ಆರ್ವೊ ಗಕ್ಕನೆ ನಿಂತ.

ಅವನ ಎದುರಿಗೇ, ಕೈ ಚಾಚಿದರೆ ತಗಲುವಷ್ಟು ಹತ್ತಿರದಲ್ಲಿ, ಯಾವುದೋ ಪ್ರಾಣಿ ಬುಸ್ಸೆಂದು ಉಸಿರು ಬಿಟ್ಟಿತು. ಮರುಕ್ಷಣ ನಾಲ್ಕೈದು ಜಿಂಕೆಗಳು ಎಲೆ ಸೀಳಿಕೊಂಡು ಎರಡೂ ಬದಿಗೆ ನೆಗೆದವು. ಬುಸ್, ಬುಸ್ ಎಂಬ ಎಚ್ಚರಿಕೆ ದಿಬ್ಬ ದಾಟಿ ಜೌಗಿನೊಳಗೆ ಬಹಳ ಹೊತ್ತು ಕೇಳುತ್ತಿತ್ತು. ಅಷ್ಟಾದ ಮೇಲೆ ಆ ಜೌಗಿನಿಂದ ಯಾವ ಜಿಂಕೆಯೂ ಅಂದು ಹೊರಗೆ ತಲೆ ಹಾಕುವುದಿಲ್ಲ.

ಆರ್ವೊ ತಿರುಗಿ ನನ್ನ ಕಡೆ ನೋಡಿದ.

"ಕೆಮ್ಮಿದ್ರಾ?"

ಇಲ್ಲವೆಂದೆ.

"ಕಾಲು ಜಾರಿತಾ? ಏನಾದ್ರೂ ಬಿತ್ತಾ ಕೈಯಿಂದ?"

ಅದೂ ಇಲ್ಲವೆಂದೆ. ಅವನು ನಂಬಲಿಲ್ಲ. ಬೆಳಕು ಹರಿಯುವವರೆಗೂ ಇಬ್ಬರೂ ಅಲ್ಲೇ ನಿಂತೆವು. ಬೆಳಕಾದಾಗ ತೆಳು ಹಿಮದ ಮೇಲೆ ಎಲ್ಲ ಸ್ಪಷ್ಟವಾಗಿತ್ತು. ಸೀಳುಗೊರಸಿನ ಗುರುತುಗಳು ಹೊಲದ ಕಡೆಯಿಂದ ಬಂದು ಅವನ ದಾರಿಯನ್ನು ಸೇರಿದ್ದವು. ಅಲ್ಲಿಂದ ಒಂದರ ಹಿಂದೆ ಒಂದು, ದಾರಿಯ ನಟ್ಟನಡುವೆ, ಆಚೀಚೆ ಒಂದು ಹೆಜ್ಜೆಯೂ ಇಡದೆ ಜೌಗಿನ ಕಡೆಗೆ ಹೋಗಿದ್ದವು. ನಾವು ಸದ್ದಿಲ್ಲದೆ ಬಂದದ್ದು ಅವಕ್ಕೆ ಕೇಳಿರಲಿಲ್ಲ, ಅವು ಸದ್ದಿಲ್ಲದೆ ಹೋಗುತ್ತಿದ್ದದ್ದು ನಮಗೆ ಕೇಳಿರಲಿಲ್ಲ. ಜಿಂಕೆಗೂ ಎಲೆಯ ಸದ್ದು ಬೇಡ, ಪೊದೆಯ ಮುಳ್ಳು ಬೇಡ. ಆರ್ವೊ ಬಾಚಿದಷ್ಟೂ ಅವು ಆ ದಾರಿಯನ್ನೇ ಹಿಡಿಯುತ್ತಿದ್ದವು, ಅವನು ಎರಡು ವರ್ಷದಿಂದ ಕತ್ತಲಲ್ಲಿ ಅವುಗಳ ಹಿಂಭಾಗಕ್ಕೆ ಹೋಗಿ ಮುಟ್ಟುತ್ತಿದ್ದ.

ಅವನು ಬಗ್ಗಿ ಒಂದು ಗೊರಸಿನ ಗುರುತಿಗೆ ಬೆರಳಿಟ್ಟು ನೋಡಿದ. ನನ್ನನ್ನು ದಿಬ್ಬದಲ್ಲಿ ಬಿಟ್ಟು ಅಟ್ಟಣೆಗೆ ಹೋಗಿ ಸಂಜೆಯವರೆಗೆ ಕೂತ. ಅವತ್ತೂ, ಆ ಬೇಟೆಗಾಲ ಮುಗಿಯುವವರೆಗಿನ ಉಳಿದ ದಿನಗಳಲ್ಲೂ ಅವನಿಗೆ ಏನೂ ಸಿಗಲಿಲ್ಲ. ಡ್ವೇನ್ ಮಾತ್ರ ಮೊದಲ ದಿನವೇ ಬಿಸಿಲೇರಿದ ಮೇಲೆ ಗಾಡಿ ಬಡಿಸಿಕೊಂಡು ಮರದ ದಿಮ್ಮಿ ಸಾಗಿಸುವ ಹಳೆಯ ರಸ್ತೆಯಲ್ಲಿ ಹೋಗಿ, ಕೆಳಗಿಳಿದು ಬಾಳೆಹಣ್ಣು ತಿನ್ನುತ್ತಿದ್ದಾಗ, ಎದುರಿಗೆ ಬಂದು ನಿಂತ ಕೊಂಬಿನ ಜಿಂಕೆಗೆ ಗುಂಡು ಹೊಡೆದ. ಗಾಡಿಯ ಸದ್ದು ಆ ಕಾಡಿನ ಜಿಂಕೆಗಳಿಗೆ ರೂಢಿಯಾಗಿತ್ತು. ಕದ್ದು ಬರುವವನಿಗೇ ಅವು ಹೆದರುವುದು.

ಕೊನೆಯ ರಾತ್ರಿ ಊಟವಾದ ಮೇಲೆ ಆರ್ವೊ ಅಟ್ಟಣೆಯ ಕದದ ಬೀಗದ ಕೈಯನ್ನು ತಾನಾಗಿಯೇ ಡ್ವೇನ್‌ನ ತಟ್ಟೆಯ ಪಕ್ಕ ಇಟ್ಟ.

"ಮಾವ, ಇರಲಿ ಬಿಡು, ನಿನ್ನ ಹತ್ರಾನೇ ಇಟ್ಕೊ," ಎಂದ ಡ್ವೇನ್. ಅವನಿಗೂ ಕಸಿವಿಸಿಯಾಗಿತ್ತು.

"ಅಪ್ಪನ ಕಟ್ಟಳೆ. ನಿಂಗೊಂದು ನಂಗೊಂದು ಇಲ್ಲ."

ಮನೆಗೆ ಬಂದು ಎಲೆ ಬಾಚುವ ಕೋಲನ್ನು ಕೊಟ್ಟಿಗೆಯ ಮೊಳೆಗೆ ನೇತುಹಾಕಿದ. ಮುಂದಿನ ಬೇಸಿಗೆಯ ಗಾಳಿಗೆ ಬಿದ್ದ ಮರಗಳು ದಾರಿಗೆ ಅಡ್ಡ ಮಲಗಿದವು, ಪೊದೆ ಮತ್ತೆ ಕೂಡಿಕೊಂಡಿತು, ಎಲೆ ಬಿತ್ತು. ಆರ್ವೊ ಆ ಕಡೆ ತಲೆಹಾಕಲಿಲ್ಲ. ಡ್ವೇನ್‌ಗೆ ಆ ದಾರಿಯ ಅಗತ್ಯವೂ ಇರಲಿಲ್ಲ, ಅವನು ಆ ದಿಮ್ಮಿ ರಸ್ತೆಯಿಂದ ಗಾಡಿಯಲ್ಲಿ ಅಟ್ಟಣೆಯ ಬುಡಕ್ಕೇ ಹೋಗುತ್ತಿದ್ದ. ಹೋಗಿ ಬರಿಗೈಯಲ್ಲಿ ಬಂದ. ದಾರಿ ಮುಚ್ಚಿಹೋಗಿದ್ದರಿಂದ ಜಿಂಕೆಗಳು ಆಚೆಯ ದಿಬ್ಬ ಬಳಸಿ ಜೌಗಿಗೆ ಇಳಿಯುತ್ತಿದ್ದವು. ಮರುವರ್ಷವೂ ಅದೇ ಕಥೆ. ಮನೆಯಲ್ಲಿ ಬೇರೆ ಯಾರಿಗೂ ಸಿಗಲಿಲ್ಲ.

ಇನ್ನೊಂದು ವರ್ಷ ಹೀಗೇ ಆದರೆ ಅಟ್ಟಣೆ ಮತ್ತೆ ಆರ್ವೊನದು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವನು ಮಾಡಬೇಕಾದದ್ದೂ ಏನಿರಲಿಲ್ಲ, ಕೋಲನ್ನು ಮೊಳೆಯ ಮೇಲೆ ಬಿಟ್ಟರೆ ಸಾಕಿತ್ತು.

ಆ ಚಳಿಗಾಲದ ಒಂದು ಭಾನುವಾರ ಅವನು ಅಕ್ಕನ ಮನೆಗೆ ಊಟಕ್ಕೆ ಬಂದಿದ್ದ. ಪ್ಯಾಸ್ಟಿಯನ್ನು ಅರ್ಧ ತಿಂದು ಬಿಟ್ಟ. ಎರಡು ವರ್ಷದಿಂದ ಅದರೊಳಗೆ ಇದ್ದದ್ದು ಅಂಗಡಿಯ ದನದ ಮಾಂಸ.

"ಏನಾಯ್ತು?" ಎಂದಳು ಹೆಲ್ಮಿ.

"ಏನಿಲ್ಲ. ಸಪ್ಪೆ."

"ದಾರಿ ಬಾಚು ಅಂತ ನಾನು ಹೇಳಲ್ಲ ಆರ್ವೊ. ಅಟ್ಟಣೆ ನಿಂಗೇ ಬರಲಿ, ನಂಗೂ ಅದೇ ಆಸೆ. ಆದ್ರೆ ನನ್ನ ಮೇಜಿನ ಮುಂದೆ ಕೂತು ಮುಖ ಸಿಂಡರಿಸಬೇಡ."

"ಆ ಎರಡು ವರ್ಷ ನಾನು ಯಾರಿಗೆ ದಾರಿ ಮಾಡ್ತಿದ್ದೆ, ಅದನ್ನಾದ್ರೂ ಹೇಳು."

"ಜಿಂಕೆಗೆ. ಚೆನ್ನಾಗೇ ಮಾಡಿದ್ದೆ."

ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಹೋದ. ಆ ದಿನ ಬಾಗಿಲನ್ನು ಸದ್ದು ಮಾಡಿಯೇ ಮುಚ್ಚಿದ.

ಅಕ್ಟೋಬರ್ ಬಂತು. ನಾನು ಅದೇ ಭಾಗದ ಮರಗಳನ್ನು ಮತ್ತೆ ಅಳೆಯುತ್ತಿದ್ದೆ. ಮೊದಲು ಗರಗಸದ ಸದ್ದು ಕೇಳಿಸಿತು, ಸ್ವಲ್ಪ ಹೊತ್ತಿನ ಮೇಲೆ ನೆಲ ಕೆರೆಯುವ ಸದ್ದು. ಈ ಸಲ ಲಯವಿರಲಿಲ್ಲ. ಹೋಗಿ ನೋಡಿದರೆ ಆರ್ವೊ, ಬೆವರಿಳಿಸಿಕೊಂಡು, ಎಲೆಯ ಮೇಲೆ ಹಗೆ ತೀರಿಸಿಕೊಳ್ಳುವವನ ಹಾಗೆ ಬಾಚುತ್ತಿದ್ದ. ಅಷ್ಟರಲ್ಲಿ ನನ್ನನ್ನು ಅವನು ಮನೆಯವರ ಹಾಗೆ ಏಕವಚನದಲ್ಲೇ ಕರೆಯತೊಡಗಿದ್ದ.

ನೀನು ಬಾಚಿದರೆ ಡ್ವೇನ್‌ಗೆ ಸಿಗುತ್ತದೆ, ಅವನಿಗೆ ಸಿಕ್ಕರೆ ಅಟ್ಟಣೆ ನಿನಗೆ ಬರುವುದಿಲ್ಲ ಎಂದು ನಾನು ಹೇಳಿದೆ. ಹೇಳದೆ ಇರಲು ಆಗಲಿಲ್ಲ.

"ಗೊತ್ತು," ಎಂದ ಆರ್ವೊ. ಪಿಸುಗುಟ್ಟಲಿಲ್ಲ, ಮಾಮೂಲಿ ದನಿಯಲ್ಲೇ ಹೇಳಿದ. "ಗೊತ್ತಿಲ್ದೆ ಬಾಚ್ತಿದ್ದೀನಿ ಅಂದ್ಕೊಂಡ್ಯಾ?"

ಕೋಲಿನ ಹಲ್ಲಿಗೆ ಸಿಕ್ಕಿದ ಬೇರನ್ನು ಎಳೆದು ಎಸೆದ.

"ಅಕ್ಕ ಈ ವರ್ಷಾನೂ ಅಂಗಡಿಗೆ ಹೋಗ್ಬೇಕಾ? ಆ ಪೆದ್ದ, ಗಾಡಿ ಬಿಟ್ಟು ಒಂದು ಕಡ್ಡಿ ಎತ್ತಿ ಆಚೆ ಇಡೋನಲ್ಲ. ನಿಂತು ನೋಡ್ಬೇಡ, ಆ ಕೊಂಬೆಯ ಇನ್ನೊಂದು ತುದಿ ಹಿಡ್ಕೊ."

ಹಿಡಿದುಕೊಂಡೆ. ಸಂಜೆಯವರೆಗೆ ಇಬ್ಬರೂ ಅಡ್ಡ ಬಿದ್ದ ಮರಗಳನ್ನು ಎಳೆದು ಬದಿಗೆ ಹಾಕಿದೆವು. ಆ ನವೆಂಬರಿನ ಮೊದಲ ಬೆಳಗ್ಗೆ ಡ್ವೇನ್ ಅಟ್ಟಣೆಯಲ್ಲಿ ಕೂತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಾಗಲೇ ಜಿಂಕೆಗಳು ಬಾಚಿದ ದಾರಿಯಲ್ಲಿ ಸಾಲಾಗಿ ಬಂದವು. ಗುಂಡಿನ ಸದ್ದು ಕೇಳಿದಾಗ ಆರ್ವೊ ಹಳ್ಳದ ಆಚೆಯ ತನ್ನ ಹೊಸ ಜಾಗದಲ್ಲಿ, ಮಗುಚಿದ ಬಕೆಟ್ಟಿನ ಮೇಲೆ ಕೂತಿದ್ದ. ಅದು ಎಲ್ಲಿಂದ ಬಂದದ್ದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಈಗ ಆರ್ವೊ ಲಾರಿ ಬಿಟ್ಟು ಪಿಂಚಣಿಯಲ್ಲಿದ್ದಾನೆ. ಅಟ್ಟಣೆ ಇವತ್ತಿಗೂ ಡ್ವೇನ್‌ನದೇ. ಪ್ರತಿ ಅಕ್ಟೋಬರ್ ಆರ್ವೊ ಬೈಯುತ್ತಲೇ ಆ ದಾರಿಯನ್ನು ರಸ್ತೆಯಿಂದ ಜೌಗಿನವರೆಗೆ ಬಾಚುತ್ತಾನೆ, ಬೇಟೆಯ ದಿನ ಕತ್ತಲಲ್ಲಿ ಬೇರೆ ಕಡೆಯಿಂದ ನಡೆದು ಹೋಗಿ ಹಳ್ಳದ ಆಚೆ ಬಕೆಟ್ಟಿನ ಮೇಲೆ ಕೂರುತ್ತಾನೆ.