ಇಸಾಕನ ಮೂಗು

ಸವಣೂರಿನ ಇಸಾಕ ಗೋವಾದ ದೊಡ್ಡ ಹೋಟೆಲ್ಲೊಂದರ ಫ್ರೆಂಚ್ ರೆಸ್ಟೋರೆಂಟಿನಲ್ಲಿ ಹದಿನೆಂಟು ವರ್ಷ ಸಾಸ್ ಕಾಯಿಸಿದ. ಮೂರು ಬೆರಳಗಲದ ಮೀನಿನ ತುಂಡು, ಪಕ್ಕದಲ್ಲಿ ಎರಡು ಚಮಚ ಸಾಸ್. ಅದನ್ನು ಉಣ್ಣಲು ಜನ ವಿಮಾನ ಹತ್ತಿ ಬರುತ್ತಿದ್ದರು. ಸಾಸಿಗೆ ವೈನ್ ಬೀಳುತ್ತಿದ್ದುದರಿಂದ ನಮಾಜು ತಪ್ಪಿಸದ ಇಸಾಕ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸುತ್ತಿರಲಿಲ್ಲ. ಪಾತ್ರೆಯ ಮೇಲೆ ಬಾಗಿ ಹಬೆಯನ್ನು ಮೂಗಿಗೆಳೆದುಕೊಂಡು, ಇನ್ನೊಂದು ಕುದಿ ಬೇಕು ಅನ್ನುತ್ತಿದ್ದ, ಬೆಣ್ಣೆ ಸೀದುಹೋಯಿತು ಅನ್ನುತ್ತಿದ್ದ. ಮೊದಮೊದಲು ನಕ್ಕಿದ್ದ ಹೆಡ್ ಚೆಫ್, ಆಮೇಲೆ ಇಸಾಕ ತಲೆಯಾಡಿಸದೆ ಒಂದು ತಟ್ಟೆಯನ್ನೂ ಹೊರಗೆ ಬಿಡುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಇಸಾಕ ಎಂಟು ದಿನ ಜ್ವರದಲ್ಲಿ ಮಲಗಿದ. ಎದ್ದಾಗ ಚಹಾ ಬರೀ ಬಿಸಿನೀರಾಗಿತ್ತು. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದ. ಏನೂ ಇಲ್ಲ. ವಾಸನೆ ಮರಳಿದರೂ ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು.

ಅವನು ಒಬ್ಬನಿಗೆ ಮಾತ್ರ ಹೇಳಿದ, ಹಂಸಭಾವಿಯ ಸಂಜಯನಿಗೆ. ಅದೇ ಒಲೆಯ ಮುಂದೆ ಅವನ ಜೊತೆ ದುಡಿಯುತ್ತಿದ್ದ ಸಂಜಯನನ್ನು ಕೆಲಸಕ್ಕೆ ಸೇರಿಸಿದವನೂ ಇಸಾಕನೇ.

"ಯಾರ ಮುಂದೂ ಅನಬ್ಯಾಡಪಾ. ನನ್ನ ಮೂಗು ಹೋಗೇತಿ."

"ನೀವು ಸುಮ್ನಿರ್ರಿ ಭಾಯ್. ನಾ ರುಚಿ ನೋಡ್ತೇನಿ, ನೀವು ತಲಿ ಆಡಸ್ರಿ."

ಮೂರು ತಿಂಗಳು ಹಾಗೆಯೇ ನಡೆಯಿತು. ಆಮೇಲೆ ಸಂಜಯ ತಂಗಿ ಪೂಜಾಳ ನಿಶ್ಚಿತಾರ್ಥಕ್ಕೆಂದು ಎರಡು ದಿನ ರಜೆ ಹಾಕಿ ಊರಿಗೆ ಹೋದ. ಹೋಗುವ ಮುಂಚೆ ಮೀನಿನ ಮುಳ್ಳು ಕುದಿಸಿದ ರಸವನ್ನು ಡಬ್ಬಿಗೆ ತುಂಬಿ, ಮೇಲೆ ತನ್ನ ಹೆಸರು ಬರೆದು ಫ್ರಿಜ್ಜಿನಲ್ಲಿಟ್ಟಿದ್ದ. ರಾತ್ರಿ ಆ ಫ್ರಿಜ್ಜು ಕೆಟ್ಟು ರಸ ಹಳಸಿತ್ತು. ಮರುದಿನ ಮಧ್ಯಾಹ್ನ ಇಸಾಕ ಅದರಿಂದಲೇ ಸಾಸ್ ಮಾಡಿದ, ರೂಢಿಯಂತೆ ಬಾಗಿದ, ತಲೆಯಾಡಿಸಿದ. ಅವನು ಒಪ್ಪಿದ ಮೇಲೆ ಬೇರೆ ಯಾರೂ ಚಮಚ ಅದ್ದಲಿಲ್ಲ.

ಸಂಜೆಯೊಳಗೆ ನಾಲ್ವರು ಅತಿಥಿಗಳಿಗೆ ವಾಂತಿ ಹತ್ತಿತು. ಅವರಲ್ಲೊಬ್ಬಳು ಮುದುಕಿ ವಾರದೊಳಗೆ ಆಸ್ಪತ್ರೆಯಲ್ಲಿ ತೀರಿಕೊಂಡಳು.

"ನಿನಗೆ ವಾಸನೆ ಬರಲಿಲ್ಲವೇ?" ವಾಂತಿಯ ಸುದ್ದಿ ಬಂದ ರಾತ್ರಿಯೇ ಹೆಡ್ ಚೆಫ್ ಕೇಳಿದ್ದ.

"ಇಲ್ಲ ಸರ್, ಬರಲಿಲ್ಲ," ಎಂದ ಇಸಾಕ.

ಮಾತು ನಿಜವೇ. ಆದರೆ ಹೋಟೆಲ್ಲಿನವರು ತಿಳಿದುಕೊಂಡದ್ದು ಬೇರೆ. ಇಸಾಕನ ಮೂಗಿಗೇ ಸಿಕ್ಕದ ವಿಷವೆಂದರೆ ರಸ ಮಾಡಿಟ್ಟವನದೇ ತಪ್ಪು ಎಂದರು. ಫ್ರಿಜ್ಜಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಊರಿನಿಂದ ಪೇಡೆಯ ಡಬ್ಬಿ ಹಿಡಿದು ಬಂದ ಸಂಜಯನನ್ನು ಗೇಟಿನಲ್ಲೇ ನಿಲ್ಲಿಸಿ, ಅವನ ಬ್ಯಾಗು ತಂದುಕೊಟ್ಟರು. ಅವನು ಗೇಟಿನೊಳಗೆ ನಿಂತಿದ್ದ ಇಸಾಕನ ಕಡೆ ನೋಡಿದ. ಇಸಾಕ ಕೈ ಒರೆಸಿಕೊಳ್ಳುತ್ತ ನೆಲ ನೋಡಿದ.

ಒಂಬತ್ತು ದಿನ ಇಸಾಕ ಎಂದಿನಂತೆ ಕೆಲಸಕ್ಕೆ ಹೋದ. ಹತ್ತನೆಯ ದಿನ ಹೆಡ್ ಚೆಫ್‌ನ ಮುಂದೆ ಹೋಗಿ ಎಲ್ಲ ಹೇಳಿದ. ಅವರು ಇಸಾಕನನ್ನೂ ತೆಗೆದರು. ಸಂಜಯನನ್ನು ಮಾತ್ರ ಮರಳಿ ಕರೆಯಲಿಲ್ಲ. ವಿಚಾರಣೆ ಮುಗಿದಿದೆ ಎಂದರು.

ಸವಣೂರಿಗೆ ಬಂದ ವಾರದಲ್ಲೇ ಇಸಾಕ ಬಸ್ಸು ಹತ್ತಿ ಹಂಸಭಾವಿಗೆ ಹೋದ. ಸಂಜಯ ಬಸ್ ನಿಲ್ದಾಣದ ಎದುರಿನ ತಳ್ಳುಗಾಡಿಯಲ್ಲಿ ಮಿರ್ಚಿ ಕರಿಯುತ್ತಿದ್ದ.

"ಕಡೀಕ ಹೇಳೀರಂತ. ಕೇಳೇನಿ," ಎಂದ, ಬಾಣಲೆಯಿಂದ ಕಣ್ಣೆತ್ತದೆ. "ಒಂಬತ್ತ ದಿನ ಯಾಕ ಬೇಕಾತ್ರಿ ಭಾಯ್?"

"ಹೆದರಿದ್ನಪಾ."

"ನಾ ಹೆದರಿದ್ದಿಲ್ಲೇನ್ರಿ, ಮೂರ ತಿಂಗಳ?"

ಅಷ್ಟರಲ್ಲಿ ಗಿರಾಕಿಗಳು ಬಂದರು. ಸಂಜಯ ಅವರಿಗೆ ಕಾಗದದಲ್ಲಿ ಮಿರ್ಚಿ ಕಟ್ಟಿಕೊಡತೊಡಗಿದ. ಇಸಾಕ ಸವಣೂರಿನ ಕಡೆಯ ಬಸ್ಸು ಬಂದಾಗ ಹತ್ತಿ ಕುಳಿತ.