ಗಿಡ ಹೆದರಿಸಲು ಹೋದ ರಾದೊಯ್ ಮಾಮ

ರಾದೊಯ್ ಮಾಮ ಮೂವತ್ತೊಂದು ವರ್ಷ ರೈಲ್ವೆ ಗೇಟು ಕಾದವನು. ಗೇಟಿನ ಕೆಳಗೆ ನುಸುಳುವ ಕುರಿಗಳಿಗೂ "ಸ್ವಲ್ಪ ನಿಲ್ರಮ್ಮಾ, ಗಾಡಿ ಬರ್ತಿದೆ" ಎಂದು ವಿನಯದಿಂದ ಹೇಳುತ್ತಿದ್ದನಂತೆ. ಅಂಥವನಿಗೆ ಗಂಟುಬಿದ್ದವಳು ಗೆರ್ಗಿನಾ. ಅವಳು ಅಂಗಳದಲ್ಲಿ ಕೆಮ್ಮಿದರೆ ನಮ್ಮ ಮನೆಯ ಕೋಳಿಗಳು ಗೂಡು ಸೇರುತ್ತಿದ್ದವು. ನಾನು ಬೇಲಿಯಾಚೆಯವಳು, ಹಾಗಾಗಿ ನಡೆದದ್ದನ್ನೆಲ್ಲ ಕಣ್ಣಾರೆ ಕಂಡೆ.

ನಿವೃತ್ತಿಯಾದ ಮೇಲೆ ಇಬ್ಬರೂ ಹಿತ್ತಲಲ್ಲಿ ಹೂಗಿಡ ಹಾಕಿದರು. ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬೀಳುವ ಜಾಗ. ಒಮ್ಮೆ ನೆಟ್ಟರೆ ವರ್ಷವರ್ಷವೂ ತಾವೇ ಚಿಗುರುವ ಐರಿಸ್, ಸೇವಂತಿಗೆ, ಲ್ಯಾವೆಂಡರ್ ಎಲ್ಲ ಸೊಗಸಾಗಿ ಬಂದವು. ಕೈಕೊಟ್ಟದ್ದು ಗೆರ್ಗಿನಾ ತವರಿನಿಂದ ತಂದು ನೆಟ್ಟ ಬೊಜುರ್ ಮಾತ್ರ. ಊರವರ ಅಂಗಳಗಳಲ್ಲೆಲ್ಲ ಸಾರಿನ ಬಟ್ಟಲಿನಷ್ಟು ದೊಡ್ಡ ಕೆಂಪು ಹೂ ಬಿಡುವ ಗಿಡ, ಇವಳ ಹಿತ್ತಲಲ್ಲಿ ಆರು ವರ್ಷ ಬರೀ ಎಲೆ.

"ಎದುರುಮನೆ ಪೆಟ್ಕಾನಾ ಏನಂದಳು ಗೊತ್ತಾ? 'ಪಾಲಕ್ ಚೆನ್ನಾಗಿ ಬಂದಿದೆ ಅಕ್ಕಾ' ಅಂದಳು!" ಎಂದು ಗೆರ್ಗಿನಾ ಕುದಿದಳು.

ಕಾಯಿ ಬಿಡದ ಮರವನ್ನು ಹೆದರಿಸುವ ಪದ್ಧತಿ ನಮ್ಮಲ್ಲಿದೆ. ಒಬ್ಬರು ಕೊಡಲಿ ಎತ್ತಿ "ಕಡೀತೀನಿ" ಅನ್ನಬೇಕು. ಇನ್ನೊಬ್ಬರು ಅಡ್ಡ ಬಂದು "ಬೇಡ, ಮುಂದಿನ ವರ್ಷ ಬಿಡುತ್ತೆ" ಎಂದು ಜಾಮೀನು ನಿಲ್ಲಬೇಕು. ಅದು ಕ್ರಿಸ್‌ಮಸ್ ಹೊತ್ತಿನ ಆಚಾರ, ಅದೂ ಹಣ್ಣಿನ ಮರಕ್ಕೆ. ಗೆರ್ಗಿನಾಗೆ ಅಲ್ಲಿವರೆಗೆ ತಾಳ್ಮೆಯೆಲ್ಲಿ? ಸೆಪ್ಟೆಂಬರಿನ ಒಂದು ಬೆಳಿಗ್ಗೆಯೇ ಗಂಡನ ಕೈಗೆ ಕೊಡಲಿ ಕೊಟ್ಟಳು.

"ನೀನು ಹೆದರಿಸು. ನಾನು ಅಡ್ಡ ಬರ್ತೀನಿ."

ರಾದೊಯ್ ಮಾಮ ಟೋಪಿ ತೆಗೆದು ಗಿಡದ ಮುಂದೆ ಬಗ್ಗಿದ. "ನೋಡಮ್ಮಾ, ಬೇಜಾರು ಮಾಡ್ಕೋಬೇಡ. ಹೂ ಬಿಡದಿದ್ರೆ ಕಡೀಬೇಕಂತೆ. ನನ್ನ ಮಾತಲ್ಲ, ಮನೆಯವಳದು."

"ಇದೇನು ಹೆದರಿಸೋದೋ, ಹೆಣ್ಣು ಕೇಳೋದೋ? ಜೋರಾಗಿ ಹೇಳಯ್ಯಾ!"

"ಕಡೀತೀನಿ... ಅಂತ ಕಾಣುತ್ತೆ."

"ಕಾಣುತ್ತಾ? ತಾ ಇಲ್ಲಿ!" ಗೆರ್ಗಿನಾ ಕೊಡಲಿ ಕಿತ್ತುಕೊಂಡಳು. "ಏ ಸೋಮಾರಿ! ಆರು ವರ್ಷ ಗೊಬ್ಬರ ತಿಂದು ಸುಮ್ನೆ ಕೂತಿದ್ದೀಯಾ? ಇವತ್ತು ನಿನ್ನ ಬೇರೂ ಉಳಿಸಲ್ಲ!"

ಜಾಮೀನು ನಿಲ್ಲಬೇಕಾದವಳು ತಾನೇ ಎಂಬುದು ಅವಳಿಗೆ ಮರೆತೇಹೋಯಿತು. ಮೊದಲ ಏಟಿಗೆ ಎಲೆಗಳು ಹಾರಿದವು. ಎರಡನೆಯದಕ್ಕೆ ಕೊಡಲಿ ಎತ್ತಿದ್ದಳು.

"ನಿಲ್ಲೇ!"

ಕೂಗಿದ್ದು ರಾದೊಯ್ ಮಾಮ. ಆ ದನಿ ಅವನೊಳಗೆ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ, ಅವನಿಗೂ. ಕೊಡಲಿ ಗಾಳಿಯಲ್ಲೇ ನಿಂತಿತು. ಅವನು ಸನಿಕೆ ತಂದು ಮೊಣಕಾಲುದ್ದ ಅಗೆದು ಗಡ್ಡೆಯನ್ನು ಇಡಿಯಾಗಿ ಎತ್ತಿದ, ಟೋಪಿಯಲ್ಲಿಟ್ಟುಕೊಂಡು ಹಿತ್ತಲಿನ ಆ ತುದಿಗೆ ಓಡಿದ. ಅಲ್ಲಿ ಆಳಕ್ಕೆ ಅಗೆಯಲು ಪುರುಸೊತ್ತಿರಲಿಲ್ಲ. ಗಡ್ಡೆ ಊರಿ, ಅದರ ಮೊಳಕೆಗಳ ಮೇಲೆ ಎರಡು ಬೆರಳು ದಪ್ಪ ಮಣ್ಣೆಳೆದ.

"ಇದಕ್ಕೆ ನಾನು ಜಾಮೀನು. ಮುಟ್ಟಿದ್ರೆ ನೋಡು ಮತ್ತೆ!"

ಗೆರ್ಗಿನಾ ಒಳಗೆ ಹೋಗಿ ಚೀಸ್ ತುಂಬಿದ ಪದರ ರೊಟ್ಟಿ, ಬಾನಿತ್ಸಾ, ಬೇಯಿಸಿದಳು. ದೊಡ್ಡ ತುಂಡು ಗಂಡನ ತಟ್ಟೆಗೆ ಬಿತ್ತು.

ಮರುವರ್ಷವೂ ಬರೀ ಎಲೆ. ಅದರ ಮರುವರ್ಷ ಮೇ ತಿಂಗಳಲ್ಲಿ ಹನ್ನೊಂದು ಹೂ!

"ಮೊದಲು ಗಡ್ಡೆ ತೀರಾ ಆಳದಲ್ಲಿತ್ತು. ಹಾಗಿದ್ರೆ ಬೊಜುರ್ ಹೂ ಬಿಡಲ್ಲ," ಎಂದೆ ನಾನು ಬೇಲಿಯಾಚೆಯಿಂದ.

"ಸುಮ್ನಿರೇ. ನಾನು ಹೆದರಿಸಿದ್ದಕ್ಕೆ ಬಿಟ್ಟಿದೆ," ಎಂದಳು ಗೆರ್ಗಿನಾ.

"ನಾನು ಜಾಮೀನು ನಿಂತಿದ್ದಕ್ಕೆ," ಎಂದ ರಾದೊಯ್ ಮಾಮ.

ಆಮೇಲೆ ಅವಳು ಒಳಗೆ ಹೋದದ್ದನ್ನು ನೋಡಿಕೊಂಡು ಬೇಲಿಯ ಹತ್ತಿರ ಬಂದ. "ನೀನಂದಿದ್ದೇ ಸರಿ ಕಣಮ್ಮಾ. ಅವಳಿಗೆ ಹೇಳ್ಬೇಡ. ಕೂಗಾಡಿದ್ರೆ ಅವಳಿಗೆ ಚೆನ್ನಾಗಿ ನಿದ್ದೆ ಬರುತ್ತೆ."

ಸುದ್ದಿ ಮೂರೂರಿಗೆ ಹಬ್ಬಿತು. ಹೂ ಬಿಡದ ಗಿಡವಿದ್ದವರೆಲ್ಲ ಇವರಿಬ್ಬರನ್ನು ಕರೆಸತೊಡಗಿದರು. ಅವಳು ಕೊಡಲಿ ಬೀಸುತ್ತಾಳೆ. ಇವನು ಅಡ್ಡ ಬಂದು, ಗಿಡ ಕಿತ್ತು, ಬಿಸಿಲಿರುವ ಕಡೆ ಹೆಚ್ಚು ಆಳವಿಲ್ಲದಂತೆ ನೆಡುತ್ತಾನೆ. ಕಳೆದ ಶರತ್ಕಾಲದಲ್ಲಿ ಪಕ್ಕದೂರಿನ ಪಾದ್ರಿಗಳ ಐರಿಸ್‌ಗಳನ್ನು ಹೆದರಿಸಲು ಹೋಗಿದ್ದರು. ಗೆರ್ಗಿನಾಳ ಮೊದಲ ಕೂಗಿಗೇ ಪಾದ್ರಿಗಳು ಬೆವೆತು, "ತಪ್ಪು ನಂದೇ ತಾಯೀ, ನೀರು ಜಾಸ್ತಿ ಹಾಕಿಬಿಟ್ಟೆ," ಎಂದು ಒಪ್ಪಿಕೊಂಡರಂತೆ.