ಮಾವನವರ ಮಧ್ಯಾಹ್ನದ ನಿದ್ದೆ ಮತ್ತು ನನ್ನ ದಿನದ ಬ್ಲಾಗು

ಮೊನ್ನೆ ಸಂಜೆ ಗದಗ-ಬೆಟಗೇರಿಯ ನಮ್ಮ ಮನೆಯಲ್ಲಿ ಮಂಡಕ್ಕಿಯ ಗಿರ್ಮಿಟ್ ಘಮಘಮಿಸುತ್ತಿತ್ತು. ತಂಗಿಯ ಮಗಳು ಒಂದು ಕೈಯಿಂದ ಅದನ್ನು ತಿನ್ನುತ್ತ, ಇನ್ನೊಂದು ಕೈಯಿಂದ ಮೊಬೈಲನ್ನು ನನ್ನ ಮೂಗಿಗೆ ಹಿಡಿದಳು. ಬ್ಲಾಗ್ ಬರೆಯುವವರು ದಿನವೂ ಬರೆದರೆ ಏನೇನು ಲಾಭ ಎಂದು ಯಾರೋ ಪುಣ್ಯಾತ್ಮರು ವಿವರಿಸಿದ್ದರು. ವಿಚಾರ ತಿಳಿಯಾಗುತ್ತದಂತೆ, ಭಾಷೆ ಪಳಗುತ್ತದಂತೆ, ಓದುಗರು ಹೆಚ್ಚುತ್ತಾರಂತೆ.

"ಮಾಮಾ, ನೀ ದಿನಾ ಬರೀತಿಯಲ್ಲ, ನಿನಗ ಇವೆಲ್ಲಾ ಆಗ್ಯಾವೇನು?" ಎಂದಳು.

ನನ್ನ ವಿಚಾರ ತಿಳಿಯಾಗಿದೆಯೋ ಇಲ್ಲವೋ ಹೆಂಡತಿಯನ್ನು ಕೇಳಬೇಕು. ಆದರೆ ನನಗಾದ ದೊಡ್ಡ ಲಾಭವೊಂದು ಅಲ್ಲಿ ಇರಲಿಲ್ಲ. ಅದನ್ನು ಆ ಹುಡುಗಿಗೆ ಹೇಳಿದೆ. ನಿಮಗೂ ಹೇಳುತ್ತೇನೆ, ಕುಳಿತುಕೊಳ್ಳಿ.

ವಾಟ್ಸಾಪ್ ನಮ್ಮ ಕಡೆ ಹೊಸದಾಗಿ ಬಂದಿದ್ದ ಕಾಲ. ನಾನು ಹುಲಕೋಟಿಯ ಕಡೆ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಮಕ್ಕಳಿಗೆ ಮಾವಿನಕಾಯಿ ಬರೆಸಿ ಬರೆಸಿ ಬೇಸರವಾಗಿ ಬ್ಲಾಗ್ ಶುರು ಮಾಡಿದ್ದೆ. ದಿನಕ್ಕೊಂದು ಬರಹ ಹಾಕಲೇಬೇಕೆಂದು ಹಟ. ಮೊದಮೊದಲು ಮನುಷ್ಯನ ಬದುಕಿನ ಅರ್ಥದ ಬಗ್ಗೆ ಬರೆದೆ. ವಾರದೊಳಗೆ ಅರ್ಥ ಮುಗಿಯಿತು. ಆಮೇಲೆ ನಮ್ಮ ಓಣಿಯ ನಲ್ಲಿ, ಸಹೋದ್ಯೋಗಿಯ ಛತ್ರಿ, ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯದಲ್ಲಿ ನನಗೆ ಬೆನ್ನು ತಿರುಗಿಸಿಯೇ ಕುಳಿತ ಪ್ರಾಣಿಗಳು, ಹೀಗೆ ಕೈಗೆ ಸಿಕ್ಕಿದ್ದೆಲ್ಲ ಬರಹವಾಯಿತು. ಅಚ್ಚರಿಯೆಂದರೆ ಜನ ಓದತೊಡಗಿದರು. ಶಾಲೆಯ ಕನ್ನಡ ಮಾಸ್ತರರು ವ್ಯಾಕರಣ ತಿದ್ದಲೆಂದು ಓದಲು ಶುರು ಮಾಡಿ, ಆಮೇಲೆ ಚಟಕ್ಕೆ ಬಿದ್ದು, ನನ್ನ ಬರಹಗಳನ್ನು ಕತ್ತರಿಸಿ ವಾಟ್ಸಾಪಿನಲ್ಲಿ ಊರೂರಿನ ಪರಿಚಯದವರಿಗೆ ಕಳಿಸುತ್ತಿದ್ದರು.

ರಜೆಗೆ ಮುಂಡರಗಿಗೆ, ಹೆಂಡತಿಯ ತವರಿಗೆ ಹೋಗಿದ್ದೆವು. ನಮ್ಮ ಮಾವನವರ ಬಗ್ಗೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವರು ಮಾತಾಡುವವರಲ್ಲ. ಮದುವೆಯಾದಾಗಿನಿಂದ ನನ್ನೊಡನೆ ಅವರು ಆಡಿದ್ದು ಬಹುತೇಕ "ಹೂಂ" ಮಾತ್ರ. ಅದರಲ್ಲೇ "ಬಂದ್ರೇನು?", "ಉಣ್ಣರಿ", "ಹೊಂಟ್ರೇನು?" ಎಲ್ಲವೂ ಅಡಗಿತ್ತು. ನನ್ನನ್ನು ಅವರು ಮೆಚ್ಚಿದ್ದಾರೋ ಸಹಿಸಿಕೊಂಡಿದ್ದಾರೋ ನನಗೆ ತಿಳಿದಿರಲಿಲ್ಲ. ಅವರಿಗೆ ಜೀವದ ಗೆಳೆಯರೊಬ್ಬರಿದ್ದರಂತೆ, ಲಕ್ಷ್ಮೇಶ್ವರದಲ್ಲಿ ಗಾದಿ ಹೊಲಿಯುವ ಖಾದರಸಾಬರು. ಮಾವನವರು ಅವರಿಂದ ಒಂದು ಏಣಿ ಎರವಲು ತಂದು ತಿರುಗಿ ಕೊಟ್ಟಾಗ ಅದರ ಒಂದು ಮೆಟ್ಟಿಲು ಮುರಿದಿತ್ತು. ಮೊದಲೇ ಮುರಿದಿತ್ತು ಎಂದು ಇವರು, ಇಲ್ಲ ಎಂದು ಅವರು. ಅಲ್ಲಿಗೆ ಮಾತು ನಿಂತು ಎಷ್ಟೋ ವರ್ಷವಾಗಿತ್ತು.

ಆ ದಿನ ಮುಂಡರಗಿಯಲ್ಲಿ ಏನೂ ನಡೆಯಲಿಲ್ಲ. ಬರೆಯಲು ಒಂದು ನಾಯಿಯೂ ಬೊಗಳಲಿಲ್ಲ. ಕೊನೆಗೆ ಬಸ್‌ಸ್ಟ್ಯಾಂಡಿನ ಬಳಿಯ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು ಹೀಗೆ ಬರೆದೆ: "ನಮ್ಮ ಮಾವನವರು ಇಂದು ಮಧ್ಯಾಹ್ನ ರೊಟ್ಟಿ ಉಂಡು ಮಲಗಿದವರು ಏಳಲೇ ಇಲ್ಲ. ಎಷ್ಟು ಅಲುಗಿಸಿದರೂ ಎಚ್ಚರವಿಲ್ಲ. ಮುಖದಲ್ಲಿ ಎಂಥ ಶಾಂತಿ! ಕೊನೆಗೆ ಅತ್ತೆಯವರು ಚಹಾ ಕುದಿಸಿದರು. ಆ ವಾಸನೆಗೆ ಎದ್ದು ಕುಳಿತರು."

ಕನ್ನಡ ಮಾಸ್ತರರು ಕಳಿಸುವಾಗ ಚಹಾ ಉಳಿದುಹೋಯಿತು. ಶಾಂತಿಯವರೆಗೆ ಮಾತ್ರ ಹೋಯಿತು.

ಮರುದಿನ ಬೆಳಿಗ್ಗೆ ಮಾವನವರು ಕಟ್ಟೆಯ ಮೇಲೆ ಕುಳಿತು ಹಲ್ಲುಜ್ಜುತ್ತಿದ್ದರು. ಶಿರಹಟ್ಟಿಯಿಂದ ಅವರ ದೂರದ ಸಂಬಂಧದ ತಮ್ಮನೊಬ್ಬ ಬಂದ. ಕೈಯಲ್ಲಿ ಸೇವಂತಿಗೆ ಹಾರ. ಮಾವನವರನ್ನು ಕಂಡವನೇ ಹಾರವನ್ನು ಬೆನ್ನ ಹಿಂದೆ ಮರೆಸಿಕೊಂಡ.

"ಯಾರ ಹೋದ್ರೋ ತಮ್ಮಾ?" ಎಂದರು ಮಾವನವರು, ಬಾಯಲ್ಲಿ ನೊರೆ ಇಟ್ಟುಕೊಂಡೇ.

"ನೀನ ಹೋಗೀ ಅಂದ್ರಪಾ ಅಣ್ಣಾ."

"ಯಾವಾಗ?"

"ನಿನ್ನಿ ಮಧ್ಯಾಹ್ನ. ಉಂಡ ಮಲಗಿದಾಂವ ಏಳಲಿಲ್ಲಂತ."

ಮಾವನವರು ಬಾಯಿ ಮುಕ್ಕಳಿಸಿ ಉಗುಳಿದರು. "ಹಂಗಾರ ಕುಂಡ್ರು. ಚಾ ಕುಡದ ಹೋಗೀಯಂತ."

ಆಮೇಲೆ ಜನ ಬರುತ್ತಲೇ ಇದ್ದರು. ಕಳಸಾಪುರದಿಂದ ಒಂದು ಟೆಂಪೋ ತುಂಬ ಬೀಗರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನೆರೆಹೊರೆಯವರು ಬುಟ್ಟಿಗಟ್ಟಲೆ ರೊಟ್ಟಿ, ಕಡಲೆಹಿಟ್ಟಿನ ಜುಣಕ ತಂದರು. ತಂದದ್ದನ್ನು ಒಯ್ಯುವುದು ಸರಿಯಲ್ಲವೆಂದು ಎಲ್ಲರೂ ಕುಳಿತು ಉಂಡರು. ಮಾವನವರೂ ಉಂಡರು, ತಮ್ಮ ಪಾಲಿನ ಜುಣಕಕ್ಕೆ ಉಪ್ಪು ಕಡಿಮೆಯಾಗಿದೆ ಎಂದೂ ಸೂಚಿಸಿದರು. ಭಜನಿ ಮೇಳದವರು ಹಾರ್ಮೋನಿಯಂ ಪೇಟಿ, ತಾಳ ಹೊತ್ತು ಬಂದು ಬಾಗಿಲಲ್ಲಿ ಪೆಚ್ಚಾಗಿ ನಿಂತರು.

"ಇಲ್ಲೀತನಕ ಬಂದೀವ್ರಿ, ಎರಡ ಪದಾ ಹಾಡ್ಲೇನ್ರಿ?" ಎಂದು ಅವರ ಹಿರಿಯ ಕೇಳಿದ.

"ಹಾಡ್ರಿ. ಆದ್ರ ಅಳೂ ಪದಾ ಬ್ಯಾಡ," ಎಂದರು ಮಾವನವರು.

ನಾನು ಅಡುಗೆಮನೆಯಲ್ಲಿ ಅಡಗಿದ್ದೆ. ಅತ್ತೆಯವರು ಚಹಾ ಸೋಸುತ್ತ ನನ್ನತ್ತ ತಿರುಗಿ, "ಬಾಳ ಚಂದ ಬರದೀರಿ ಮಾಸ್ತರ. ಸಕ್ಕರಿ ತೀರೇತಿ, ಇನ್ನ ಅದರ ಮ್ಯಾಲೂ ಏನರೆ ಬರೀರಿ," ಎಂದರು.

ಆಗಲೇ ಓಣಿಯ ತಿರುವಿನಿಂದ ದೊಡ್ಡ ಅಳು ಕೇಳಿಸಿತು. ಹೊರಗೆ ಬಂದು ನೋಡಿದರೆ, ತಲೆಗೆ ಟೋಪಿ, ಹೆಗಲಿಗೆ ಒಂದು ಉದ್ದನೆಯ ಏಣಿ. ಬಾಯಿ ಬಡಿದುಕೊಳ್ಳಲು ಕೈ ಖಾಲಿ ಇಲ್ಲದೆ ಒದ್ದಾಡುತ್ತ ಒಬ್ಬ ಮುದುಕರು ಬರುತ್ತಿದ್ದರು. ಜನ ಎರಡು ಬದಿ ಸರಿದು ದಾರಿ ಬಿಟ್ಟರು. "ಏಣಿ ಯಾಕೋ?" ಎಂದು ಯಾರೋ ಪಿಸುಗುಟ್ಟಿದರು. "ಸ್ವರ್ಗಕ್ಕ ಹತ್ತಾಕ ಇರಬೇಕ," ಎಂದು ಇನ್ನೊಬ್ಬರು.

ಖಾದರಸಾಬರು ಕಟ್ಟೆಯ ಮುಂದೆ ಬಂದು ತಲೆ ಎತ್ತಿದರು. ಎದುರಿಗೆ ಮಾವನವರು, ಕೈಯಲ್ಲಿ ಕಪ್ಪಿನಿಂದ ಬಸಿಗೆ ಸುರಿದುಕೊಂಡ ಚಹಾ. ಅಳು ಅರ್ಧಕ್ಕೇ ನಿಂತಿತು. ಪೇಟಿಯೂ ನಿಂತಿತು.

"ಸತ್ತಿಲ್ಲೇನಲೇ?"

"ಇಲ್ಲ."

"ಏಣಿ ಸಲುವಾಗಿ ಮಾತ ಬಿಟ್ಟೆ, ಇನ್ನ ಏಣಿ ಇಟಗೊಂಡ ಏನ ಮಾಡ್ಲಿ, ಅವನ ಮನಿಗೇ ಒಗದ ಬರೋಣು ಅಂತ ಬಂದೆ. ಸತ್ತೀ ಅಂತ ಮಾಫ್ ಮಾಡೇನಿ. ಈಗ ಆ ಮಾಫ್ ಏನ ಮಾಡ್ಲಿ, ವಾಪಸ್ ತಗೊಳ್ಳೇನು?"

ಯಾರೂ ನಗಲಿಲ್ಲ. ಖಾದರಸಾಬರು ಏಣಿಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡರು. ಇವರು ಏಣಿ ತಿರುಗಿಸಿ ನಡೆದೇ ಬಿಟ್ಟರೆ ಮುಗಿಯಿತು, ಈ ಸಲ ಶಾಶ್ವತ ಎಂದು ನನಗನ್ನಿಸಿತು. ಮಾವನವರು ಬಸಿ ಕೆಳಗಿಟ್ಟರು. ನಾನು ಅವರ ಬಾಯಿಂದ ಕೇಳಿದ ಅತ್ಯಂತ ಉದ್ದದ ಮಾತು ಆಗ ಬಂತು.

"ತಗೋಬ್ಯಾಡ ಖಾದರ. ಆ ಮೆಟ್ಲಾ ನಾನ ಮುರದಿದ್ದೆ. ಅವತ್ತ ಮಂದಿ ಮುಂದ ಕೇಳಿದಿ, ನಂಗ ನಾಚಿಕಿ ಆತು."

"ಖರೆ ಹೇಳಾಕ ನೀ ಸಾಯಬೇಕಾತು ನೋಡು," ಎಂದರು ಖಾದರಸಾಬರು. ಏಣಿಯನ್ನು ಗೋಡೆಗೆ ಒರಗಿಸಿ, ಕಟ್ಟೆಯ ಮೇಲೆ ಮಾವನವರ ಪಕ್ಕದಲ್ಲಿ ಕುಳಿತು, ಈ ಸಲ ಕೈ ಖಾಲಿಯಿದ್ದುದರಿಂದ ನೆಮ್ಮದಿಯಾಗಿ ಅತ್ತರು. "ಬಸ್ಸಿನ್ಯಾಗ ಕುಂತಾಗ ಒಂದ ವಿಚಾರ ಬಂತಪಾ. ಇನ್ನ ಮ್ಯಾಲ ಯಾರ ಮ್ಯಾಲೆ ಸಿಟ್ಟ ಮಾಡ್ಲಿ?"

ಹಾರ ತಂದಿದ್ದ ಶಿರಹಟ್ಟಿಯ ತಮ್ಮ ಅದನ್ನು ಇಬ್ಬರ ಕೊರಳಿಗೂ ಸೇರಿಸಿಯೇ ಹಾಕಿದ. ಬಾಡುವುದಕ್ಕಿಂತ ಇದು ಲೇಸಲ್ಲವೇ?

ಸ್ವಲ್ಪ ಹೊತ್ತಿನ ಮೇಲೆ ಯಾರೋ ನೆನಪು ಮಾಡಿಕೊಂಡರು: "ಅಲ್ಲಾ, ಇದನ್ನ ಬರದಾಂವ ಯಾರು?" ನಾನು ಹಿತ್ತಲ ಬಾಗಿಲು ಎಷ್ಟು ದೂರವಿದೆ ಎಂದು ನೋಡಿದೆ. ಮಾವನವರು ಹಾರದೊಳಗಿಂದಲೇ ಕತ್ತು ತಿರುಗಿಸಿ ನನ್ನತ್ತ ಕೈ ಮಾಡಿದರು.

"ನಮ್ಮ ಅಳ್ಯಾ. ದಿನಾ ಬರೀತಾನ. ಒಂದ ದಿನಾನೂ ಬಿಟ್ಟಿಲ್ಲ."

ಅಂದರೆ ಅವರು ದಿನವೂ ಯಾರದೋ ಮೊಬೈಲಿನಿಂದ ಓದಿಸಿಕೊಂಡು ಕೇಳುತ್ತಿದ್ದರು! ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಖಾದರಸಾಬರೂ ಓದುಗರಾದರು. ಇಬ್ಬರೂ ಫೋನ್ ಮಾಡಿ ತಪ್ಪು ಹುಡುಕತೊಡಗಿದರು. ಮಾವನವರ "ಹೂಂ" ಮೆಲ್ಲಗೆ ಮಾತಾಯಿತು, ಮಾತು ತಕರಾರಾಯಿತು, ತಕರಾರು ಒಮ್ಮೊಮ್ಮೆ ಹರಟೆಯಾಯಿತು.

ನಿನ್ನೆ ಭಾನುವಾರ ಮುಂಡರಗಿಗೆ ಹೋಗಿದ್ದೆ. ಖಾದರಸಾಬರೂ ಬಂದಿದ್ದರು. ಇಬ್ಬರಿಗೂ ಈಗ ಕಣ್ಣು ಮಂಜು, ಕಿವಿ ಮಂದ. ಹಗಲೆಲ್ಲ ಅಕ್ಕಪಕ್ಕ ಸುಮ್ಮನೆ ಕುಳಿತಿದ್ದರು. ಸಂಜೆ ಮಾವನವರು ಕೇಳಿದರು: "ಇವತ್ತೇನ ಬರೀತೀರಿ ಮಾಸ್ತರ?"

"ಏನೂ ಆಗಿಲ್ಲಲ್ರೀ ಮಾವಾರ."

"ಹಂಗ ಬರೀರಿ ಮತ್ತ. ಏನೂ ಆಗಿಲ್ಲ ಅಂತ ಗೊತ್ತಾದ್ರ ನಾಕ ಮಂದಿಗೆ ಸಮಾಧಾನ."

ಅಲ್ಲೇ ಕಟ್ಟೆಯ ಮೇಲೆ ಮೊಬೈಲು ತೆಗೆದು ಶುರು ಮಾಡಿದೆ. ಖಾದರಸಾಬರು ಶೇಂಗಾ ಬಿಡಿಸಿ ಅರ್ಧ ಮಾವನವರ ಅಂಗೈಗೆ ಹಾಕಿದರು. ಅಗಿಯಲಾಗದೆ ಮಾವನವರು ಅವನ್ನು ಗೆಳೆಯ ನೋಡದಿದ್ದಾಗ ಅವರ ರಾಶಿಗೇ ತಿರುಗಿ ಸೇರಿಸಿದರು. ಅವರು ಮತ್ತೆ ಅರ್ಧ ಕೊಟ್ಟರು. ಇವರು ಮತ್ತೆ ಸೇರಿಸಿದರು. ನಾನು ಬರೆಯುತ್ತಲೇ ಇದ್ದೆ. ಗದಗಿನ ಕೊನೆಯ ಬಸ್ಸು ಹೋದದ್ದೂ ತಿಳಿಯಲಿಲ್ಲ.